ಎಷ್ಟು ಓವರ್ ಹಾಕಿಸಿದ್ರು ಇವತ್ತು?

ಸಾಕ್ಸ್ ಹಾಕಿಕೊಳ್ಳಲು ಬಗ್ಗಿದ ಮಗಳು ಅರ್ಧಕ್ಕೇ ನಿಂತುಬಿಟ್ಟಳು. 2025ರ ಜನವರಿ, ಬೆಳಿಗ್ಗೆ ಐದೂಮುಕ್ಕಾಲು, ಹುಣಸೂರಿನ ಚಳಿ. "ಏನಾಯ್ತೇ?" ಅಂದೆ. "ಏನಿಲ್ಲಮ್ಮ" ಅಂದಳು. ನಾನೇ ಬೂಟಿನ ಲೇಸ್ ಕಟ್ಟಿ, ಕಿಟ್ ಬ್ಯಾಗನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಪ್ರಾಕ್ಟೀಸಿಗೆ ಬಿಟ್ಟು ಬಂದೆ. ಮನೆಗೆ ಬಂದು ಕಾಫಿ ಕುಡಿದು, ಡಬ್ಬಿ ಕಟ್ಟಿ, ಬ್ಯಾಂಕಿಗೂ ಹೋದೆ. ಸಂಜೆ ಅವಳು ಮಂಚದಿಂದ ಏಳುವುದನ್ನು ನೋಡಿದೆ. ಮಗ್ಗುಲಿಗೆ ಹೊರಳಿ, ಒಂದು ಕೈ ಊರಿ, ಹಲ್ಲು ಕಚ್ಚಿಕೊಂಡು, ನಮ್ಮತ್ತೆ ಏಳ್ತಾರಲ್ಲ, ಹಾಗೆ ಎದ್ದಳು. ನಮ್ಮತ್ತೆಗೆ ಅರವತ್ತೆಂಟು. ಇವಳಿಗೆ ಹನ್ನೊಂದೂವರೆ.

ಮಕ್ಕಳಿಗೆ ಟ್ಯೂಷನ್ ಹುಡುಕೋ ಹಾಗೆ ಕೋಚ್ ಹುಡುಕಿದ್ದೆ ನಾನು. ಆ ತಪ್ಪಿನ ಕಥೆ ಇದು. ನಿಮ್ಮಲ್ಲಿ ಕೆಲವರಾದರೂ ಈಗ ಅದೇ ಹುಡುಕಾಟದಲ್ಲಿ ಇರ್ತೀರಿ ಅಂತ ಬರೀತಿದ್ದೀನಿ.

ನಮ್ಮ ಸಂಸಾರ ನಾಲ್ಕು ತಾಲ್ಲೂಕಿಗೆ ಹರಡಿಕೊಂಡಿದೆ. ನಾನು ಹುಟ್ಟಿದ್ದು ಕೆ.ಆರ್. ನಗರದ ಹತ್ತಿರದ ಹಳ್ಳಿ. ಮದುವೆಯಾಗಿ ಬಂದಿದ್ದು ಪಿರಿಯಾಪಟ್ಟಣ ತಾಲ್ಲೂಕಿನ ಹೊಗೆಸೊಪ್ಪು ಬೆಳೆಯುವ ಮನೆಗೆ. ಕೆಲಸ ಹುಣಸೂರಿನ ಬ್ಯಾಂಕಿನಲ್ಲಿ. ನಮ್ಮ ಯಜಮಾನರು ಎಚ್.ಡಿ. ಕೋಟೆ ಕಡೆ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರು, ದಿನಾ ಬೈಕಿನಲ್ಲಿ ಓಡಾಟ. ಹಾಗಾಗಿ "ನಮ್ಮೂರಲ್ಲಿ ಒಳ್ಳೆ ಕೋಚ್ ಯಾರಿದ್ದಾರೆ?" ಅಂತ ಕೇಳೋಕೆ ಹೊರಟರೆ ನಮಗೆ ನಾಲ್ಕು ಊರು ಇದ್ದವು. ಆದರೂ ಮೊದಲ ಸಲ ನಾವು ಒಂದು ಊರನ್ನೂ ಸರಿಯಾಗಿ ಕೇಳಲಿಲ್ಲ.

ಎಲ್ಲ ಶುರುವಾಗಿದ್ದು 2024ರ ಮಾರ್ಚ್ 17ರ ರಾತ್ರಿ. ಡಬ್ಲ್ಯೂಪಿಎಲ್ ಫೈನಲ್, ದೆಹಲಿಯಲ್ಲಿ. ಆರ್‌ಸಿಬಿ ಹುಡುಗಿಯರು ಕಪ್ ಎತ್ತಿದರು. ನಮ್ಮ ಕನ್ನಡದ ಹುಡುಗಿ ಶ್ರೇಯಾಂಕಾ ಪಾಟೀಲ್ ಆ ಪಂದ್ಯದಲ್ಲಿ ನಾಲ್ಕು ವಿಕೆಟ್ ತೆಗೆದರು. ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದರು. ಮಾರನೇ ದಿನದಿಂದ ಮಗಳು ಮನೆ ಮುಂದಿನ ಓಣಿಯಲ್ಲಿ ಹದಿನೈದು ಹೆಜ್ಜೆ ಓಡಿ ಬಂದು ಟೆನಿಸ್ ಬಾಲ್ ಎಸೆಯೋಕೆ ಶುರು ಮಾಡಿದಳು. ಶ್ರೇಯಾಂಕಾ ಸ್ಪಿನ್ನರ್ ಅಂತ ಹೇಳಿದರೆ "ಗೊತ್ತು, ನಾನು ಫಾಸ್ಟ್" ಅಂದಳು.

ಫಾಸ್ಟ್ ಅಂದಾಗ ನನ್ನ ಎದೆಯೂ ಸ್ವಲ್ಪ ಉಬ್ಬಿತು. ನಮ್ಮ ಜಿಲ್ಲೆಯವರಿಗೆ ಜಾವಗಲ್ ಶ್ರೀನಾಥ್ ಮನೆ ಹುಡುಗ ಇದ್ದ ಹಾಗೆ. ಮೈಸೂರಿನ ಮರಿಮಲ್ಲಪ್ಪ ಹೈಸ್ಕೂಲಿನಲ್ಲಿ ಓದಿ, ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಮಾಡಿ, ಟೆಸ್ಟಿನಲ್ಲಿ 236, ಒಂದು ದಿನದ ಪಂದ್ಯಗಳಲ್ಲಿ 315 ವಿಕೆಟ್ ತೆಗೆದವರು. 1996ರಲ್ಲಿ ಬೆಂಗಳೂರಿನಲ್ಲಿ ಅವರೂ ಕುಂಬ್ಳೆಯೂ ಬ್ಯಾಟ್ ಹಿಡಿದು ಆಸ್ಟ್ರೇಲಿಯಾವನ್ನು ಸೋಲಿಸಿದ ರಾತ್ರಿ ನಮ್ಮ ಹಳ್ಳಿಯಲ್ಲಿ ಇದ್ದ ಒಂದೇ ಕಲರ್ ಟಿವಿ ಮುಂದೆ ನಾನೂ ಕೂತಿದ್ದೆ. ಅದೇ ಶ್ರೀನಾಥ್ 1997ರಲ್ಲಿ ಭುಜದ ಆಪರೇಷನ್ ಮಾಡಿಸಿಕೊಂಡು ತಿಂಗಳುಗಟ್ಟಲೆ ಆಟದಿಂದ ಹೊರಗಿದ್ದರು. ಆ ಭಾಗ ಮಾತ್ರ ನನಗೆ ನೆನಪಾಗಲಿಲ್ಲ.

ಜೂನಿನಲ್ಲಿ ಒಂದು ಅಕಾಡೆಮಿಗೆ ಸೇರಿಸಿದೆವು. ಯಾವ ಊರು, ಯಾರು ಅನ್ನೋದು ಇಲ್ಲಿ ಬೇಡ. ಆಯ್ಕೆ ಮಾಡಿದ್ದು ಹೇಗೆ ಅಂದರೆ, ಇನ್‌ಸ್ಟಾಗ್ರಾಮಿನಲ್ಲಿ ಟ್ರೋಫಿ ಹಿಡಿದ ಫೋಟೊಗಳು ಚೆನ್ನಾಗಿದ್ದವು. ಗೂಗಲ್‌ನಲ್ಲಿ ನಾಲ್ಕು ಮುಕ್ಕಾಲು ಸ್ಟಾರ್. ಫೋನ್ ಮಾಡಿ ಮೂರು ಪ್ರಶ್ನೆ ಕೇಳಿದೆ: ಫೀಸೆಷ್ಟು, ಟೈಮಿಂಗ್ ಏನು, ಹೆಣ್ಣುಮಕ್ಕಳು ಯಾರಾದರೂ ಸೆಲೆಕ್ಟ್ ಆಗಿದ್ದಾರಾ. ತಿಂಗಳಿಗೆ 2,500, ಬೆಳಿಗ್ಗೆ ಆರರಿಂದ ಏಳೂವರೆ, ವಾರಕ್ಕೆ ಐದು ದಿನ, "ಮೇಡಂ, ನಮ್ಮಲ್ಲಿ ಎರಡು ವರ್ಷ ಬಿಡಿ, ಅಂಡರ್ ಫಿಫ್ಟೀನ್ ಸೆಲೆಕ್ಷನ್ ಗ್ಯಾರಂಟಿ." ಗ್ಯಾರಂಟಿ ಅನ್ನೋ ಮಾತಿಗೆ ಸಾಲ ಕೊಡೋಕೆ ಬಂದವರ ಹತ್ತಿರ ಹತ್ತು ಕಾಗದ ಕೇಳ್ತೀನಿ ನಾನು. ಅವತ್ತು ಒಂದೂ ಕೇಳಲಿಲ್ಲ.

ಏಳು ತಿಂಗಳು ಎಲ್ಲ ಚೆನ್ನಾಗಿದೆ ಅಂತಲೇ ಇತ್ತು. ಮನೆಗೆ ಬಂದ ತಕ್ಷಣ ನಾನು ಕೇಳುತ್ತಿದ್ದದ್ದು ಒಂದೇ: "ಇವತ್ತು ಎಷ್ಟು ವಿಕೆಟ್?" ಅವಳೂ ಖುಷಿಯಿಂದ ಹೇಳುತ್ತಿದ್ದಳು. ಎರಡು, ಮೂರು, ಒಂದು ದಿನ ಐದು.

ನೆಟ್ಸ್‌ನಲ್ಲಿ ಐದು ವಿಕೆಟ್ ಬೀಳಬೇಕಾದರೆ ಎಷ್ಟು ಬಾಲ್ ಹಾಕಿರಬೇಕು ಅಂತ ಬ್ಯಾಂಕಿನಲ್ಲಿ ಕೂತು ದಿನವಿಡೀ ಲೆಕ್ಕ ಮಾಡುವ ನನಗೆ ಹೊಳೆಯಲಿಲ್ಲ ನೋಡಿ.

ಮೈಸೂರಿನಲ್ಲಿ ಮೂಳೆ ಡಾಕ್ಟರ ಹತ್ತಿರ ಕೂತಾಗ ಅವರು ಮೊದಲು ಮಗಳನ್ನು ಕೇಳಿದ್ದೇ ಅದು. "ಬಲಗೈ ಬೌಲರ್ ಅಲ್ವಾ? ನೋವು ಸೊಂಟದ ಎಡಗಡೆ ಇರಬೇಕು." ಅವಳು ತಲೆಯಾಡಿಸಿದಳು. "ದಿನಕ್ಕೆ ಎಷ್ಟು ಓವರ್ ಹಾಕ್ತೀಯಮ್ಮ?" "ಲೆಕ್ಕ ಇಟ್ಟಿಲ್ಲ ಅಂಕಲ್. ಸರ್ ಸಾಕು ಅನ್ನೋವರೆಗೂ." ಡಾಕ್ಟರು ನನ್ನ ಮುಖ ನೋಡಿದರು. ಎಂಆರ್‌ಐ ಆಯಿತು. ಮೂಳೆ ಮುರಿದಿರಲಿಲ್ಲ, ಆದರೆ ಆ ದಾರಿ ಹಿಡಿದಿತ್ತು. ಬೆಳೆಯುವ ವಯಸ್ಸಿನಲ್ಲಿ ಬೆನ್ನುಮೂಳೆ ಇನ್ನೂ ಗಟ್ಟಿಯಾಗಿರೋದಿಲ್ಲ. ವೇಗದ ಬೌಲಿಂಗ್‌ನಲ್ಲಿ ಮೈ ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಗಿ ಕಾಲೂರುತ್ತೆ. ಒಂದೇ ಜಾಗಕ್ಕೆ ಸಾವಿರ ಸಲ ಪೆಟ್ಟು ಬಿದ್ದರೆ ಮೊದಲು ಊತ, ಆಮೇಲೆ ಬಿರುಕು. ಜೊತೆಗೆ ಇವಳ ಹೆಗಲು ಒಂದು ಕಡೆ, ಸೊಂಟ ಇನ್ನೊಂದು ಕಡೆ ನೋಡುವ ಆ್ಯಕ್ಷನ್. ಮಿಕ್ಸ್‌ಡ್ ಆ್ಯಕ್ಷನ್ ಅಂತಾರಂತೆ. ಬೆನ್ನಿಗೆ ಅದರಷ್ಟು ಕೆಟ್ಟದ್ದು ಇಲ್ಲ. ಏಳು ತಿಂಗಳಲ್ಲಿ ಯಾರೂ ಅದನ್ನು ತಿದ್ದಿರಲಿಲ್ಲ. ಮೂರು ತಿಂಗಳು ಬಾಲ್ ಮುಟ್ಟಬಾರದು ಅಂತ ಬರೆದುಕೊಟ್ಟರು.

ಅಕಾಡೆಮಿಯಲ್ಲಿ ನಿಜವಾಗಿ ಆಗುತ್ತಿದ್ದದ್ದು ಆಮೇಲೆ ಗೊತ್ತಾಯಿತು. ಬೇರೆ ಮಕ್ಕಳ ಅಪ್ಪ ಅಮ್ಮಂದಿರನ್ನು ಕೇಳಿ, ಮಗಳ ಬಾಯಿಂದ ಚೂರು ಚೂರೇ ಬಿಡಿಸಿ. ಎಲ್ಲ ಹುಡುಗರಿಗೂ ಬ್ಯಾಟಿಂಗೇ ಬೇಕು. ಬ್ಯಾಟ್ ಮಾಡುವವನಿಗೆ ಬಾಲ್ ಹಾಕೋಕೆ ಯಾರಾದರೂ ಬೇಕಲ್ಲ? ಹೇಳಿದ ಮಾತು ಕೇಳುವ, ದಣಿವಾದರೂ ಬಾಯಿ ಬಿಡದ, ನೇರವಾಗಿ ಬಾಲ್ ಹಾಕುವ ಮಗು ಸಿಕ್ಕರೆ ಅದೇ ಬೌಲಿಂಗ್ ಮಷೀನು. ನಾನು ತಿಂಗಳಿಗೆ 2,500 ಕೊಟ್ಟು ಬೇರೆಯವರ ಮಕ್ಕಳಿಗೆ ಬೌಲರ್ ಕಳಿಸಿಕೊಡುತ್ತಿದ್ದೆ. ಅದೂ ಹದಿನಾಲ್ಕರ ಹುಡುಗರಿಗೆ, ದೊಡ್ಡವರ ಬಾಲಿನಲ್ಲಿ.

ಬಾಲ್ ವಿಷಯ ನನಗೆ ಗೊತ್ತೇ ಇರಲಿಲ್ಲ. ಗಂಡಸರ ಕ್ರಿಕೆಟ್ಟಿನ ಬಾಲ್ ಸುಮಾರು 156ರಿಂದ 163 ಗ್ರಾಂ. ಹೆಂಗಸರದು 140ರಿಂದ 151. ಹದಿಮೂರರ ಒಳಗಿನವರಿಗೆ ಅಂತಲೇ 133ರಿಂದ 144 ಗ್ರಾಮಿನದು ಬೇರೆ ಇದೆ. ಇದು ಯಾರದೋ ಸಲಹೆಯಲ್ಲ, ಕ್ರಿಕೆಟ್ ನಿಯಮ ಪುಸ್ತಕದಲ್ಲೇ ಇರೋದು. ಇಂಗ್ಲೆಂಡಿನಂಥ ದೇಶಗಳಲ್ಲಿ ಚಿಕ್ಕ ಮಕ್ಕಳಿಗೆ 22 ಗಜದ ಪಿಚ್ಚನ್ನೇ ಗಿಡ್ಡ ಮಾಡುತ್ತಾರೆ. ಓವರಿಗೂ ಮಿತಿ ಇದೆ. ಅಲ್ಲಿನ ಮಂಡಳಿ ವರ್ಷಗಳಿಂದ ಹೇಳುತ್ತ ಬಂದ ಲೆಕ್ಕದಲ್ಲಿ ಹದಿಮೂರು ವರ್ಷದವರೆಗಿನ ವೇಗದ ಬೌಲರ್ ಒಂದು ಸಲಕ್ಕೆ 5 ಓವರ್, ಇಡೀ ದಿನಕ್ಕೆ 10 ಓವರ್. ನಮ್ಮವಳು ಒಂದೂವರೆ ಗಂಟೆಯಲ್ಲಿ ಹದಿನೈದರ ಮೇಲೆ ಹಾಕುತ್ತಿದ್ದಳು ಅಂತ ನನ್ನ ಅಂದಾಜು.

ಅಲ್ಲಿನ ಕೋಚ್‌ಗೆ ಫೋನ್ ಮಾಡಿ ವಿಷಯ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, "ಈಗಿನ ಮಕ್ಕಳು ತುಂಬಾ ಸಾಫ್ಟು ಮೇಡಂ" ಅಂದರು. ಜಗಳ ಆಡಬೇಕು ಅನ್ನಿಸಿತು. ಆಡಲಿಲ್ಲ. ಆ ಹೊತ್ತಿಗೆ ನನಗೆ ಅವರಿಗಿಂತ ನನ್ನ ಮೇಲೇ ಸಿಟ್ಟು ಜಾಸ್ತಿ ಇತ್ತು. ಯಾಕೆ ಅಂದರೆ, ಹಿಂದಿನ ರಾತ್ರಿ ಮಗಳನ್ನು ಕೇಳಿದ್ದೆ: "ನೋವು ಯಾವಾಗಿಂದ ಇತ್ತು?"

"ದೀಪಾವಳಿಯಿಂದ."

"ಯಾಕೆ ಹೇಳಲಿಲ್ಲ ಪುಟ್ಟಿ?"

"ನಿಂಗೆ ಆಡೋಕೆ ಬಿಡ್ಲಿಲ್ಲ, ನಂಗೆ ಬಿಟ್ಟಿದ್ದೀಯ ಅಂತ ನೀನೇ ಹೇಳ್ತಿದ್ದೆ ಅಲ್ವಾ. ಹೆಂಗಮ್ಮ ಹೇಳ್ಲಿ?"

ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಕೆ.ಆರ್. ನಗರದ ಹೈಸ್ಕೂಲಿನಲ್ಲಿ ನಾನು ಖೋ-ಖೋ ಆಡುತ್ತಿದ್ದೆ. ಕಂಬದ ಹತ್ತಿರ ತಿರುಗಿ ತಪ್ಪಿಸಿಕೊಳ್ಳುವುದರಲ್ಲಿ ನನ್ನ ಸಮ ಯಾರೂ ಇರಲಿಲ್ಲ ಅಂತ ಈಗಲೂ ಜಂಬ. ಜಿಲ್ಲಾ ಮಟ್ಟ ದಾಟಿ ವಿಭಾಗ ಮಟ್ಟಕ್ಕೆ ಹೋಗಬೇಕಾದಾಗ ಪಿ.ಟಿ. ಮೇಷ್ಟ್ರು ಮನೆಗೇ ಬಂದು ಜಗಲಿ ಮೇಲೆ ಕೂತು ನಮ್ಮಪ್ಪನನ್ನು ಕೇಳಿದರು. ಎರಡು ರಾತ್ರಿ ಪರ ಊರಿನಲ್ಲಿ ಉಳಿಯಬೇಕು. ಅಪ್ಪ ಕೇಳಿದ್ದು ಒಂದೇ ಮಾತು: "ಹೆಣ್ಮಕ್ಕಳ ಜೊತೆಗೆ ಯಾರು ಬತ್ತಾರೆ ಮೇಷ್ಟ್ರೆ?" ಮೇಷ್ಟ್ರು ಒಬ್ಬರೇ ಹೋಗುವುದಿತ್ತು. ಅವರು ಒಳ್ಳೆಯವರು, ಆದರೆ ಉತ್ತರ ಇರಲಿಲ್ಲ. ಅಪ್ಪ ಎದ್ದು ದನಗಳಿಗೆ ಹುಲ್ಲು ಹಾಕೋಕೆ ಹೋದರು. ನನ್ನ ಆಟ ಅಲ್ಲಿಗೆ ಮುಗಿಯಿತು. ಈ ಕಥೆಯನ್ನು ಮಗಳಿಗೆ ಎಷ್ಟು ಸಲ ಹೇಳಿದ್ದೆನೋ. ಅಪ್ಪನನ್ನು ವಿಲನ್ ಮಾಡಿ, ನನ್ನನ್ನು ಪಾಪದವಳು ಮಾಡಿ, ಅವಳನ್ನು ಅದೃಷ್ಟವಂತೆ ಮಾಡಿ. ಆ ಅದೃಷ್ಟದ ಭಾರಕ್ಕೇ ಅವಳು ಮೂರು ತಿಂಗಳು ನೋವು ನುಂಗಿದ್ದಳು.

ಫೆಬ್ರವರಿಯಲ್ಲಿ ಊರಿಗೆ ಹೋದಾಗ ನಮ್ಮತ್ತೆ ಕೇಳಿದರು. ಅವರದು ಹೊಗೆಸೊಪ್ಪಿನ ಭಾಷೆ. ಬ್ಯಾರನ್‌ನಲ್ಲಿ ಬೇಯಿಸಿದ ಎಲೆಯನ್ನು ಬಣ್ಣ ನೋಡಿ, ಸವರಿ ನೋಡಿ ಗ್ರೇಡ್ ಮಾಡಿ ಹರಾಜಿಗೆ ಕಟ್ಟುವುದರಲ್ಲಿ ನಲವತ್ತು ವರ್ಷ ಕಳೆದವರು. "ಅಲ್ಲ ಕಣವ್ವ, ಆ ಸರ್ರು ಕೂಸ್ನ ನೋಡುದ್ರಾ, ಇಲ್ಲ ಬರೀ ಗ್ರೇಡ್ ಮಾಡುದ್ರಾ? ಸೊಪ್ಪಾದ್ರೂ ಬೆಂಕಿ ಜಾಸ್ತಿ ಆದ್ರೆ ಸುಟ್ಟೋಯ್ತದೆ. ರಾತ್ರಿ ಎದ್ದು ನೋಡ್ಬೇಕು." ಇವರಿಗೆ ಕ್ರಿಕೆಟ್ಟಿನ ಗಂಧ ಇಲ್ಲ.

ಕ್ರಿಕೆಟ್ ಕೋಚ್‌ನಲ್ಲಿ ಏನು ನೋಡಬೇಕು ಅಂತ ನಾನು ಕಲಿತದ್ದೂ ಕ್ರಿಕೆಟ್ ಗೊತ್ತಿಲ್ಲದ ಇನ್ನೊಬ್ಬರಿಂದ. ನಮ್ಮ ಯಜಮಾನರು ಒಂದು ಶನಿವಾರ "ಸುಮ್ನೆ ಬಾ, ಒಂದು ತೋರಿಸ್ತೀನಿ" ಅಂತ ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಗೆ ಕರೆದುಕೊಂಡು ಹೋದರು. ಕಾಡಂಚಿನ ಶಾಲೆ, ಹಾಡಿ ಮಕ್ಕಳೂ ಬರುತ್ತಾರೆ. ದೈಹಿಕ ಶಿಕ್ಷಕರು ಖೋ-ಖೋ ಆಡಿಸುತ್ತಿದ್ದರು. ಮೈದಾನದಲ್ಲಿ ಎರಡು ಕಂಬ ಬಿಟ್ಟರೆ ಏನಿಲ್ಲ. ಅರ್ಧ ಮಕ್ಕಳು ಬರಿಗಾಲು.

ನಾನು ಒಂದೂವರೆ ಗಂಟೆ ಬೇವಿನ ಮರದ ಕೆಳಗೆ ಕೂತು ನೋಡಿದೆ. ಮೊದಲು ಇಪ್ಪತ್ತು ನಿಮಿಷ ಬರೀ ಕುಣಿತ, ಓಟ, ಕುಂಟೋಬಿಲ್ಲೆ ಥರದ ಆಟ. ಒಬ್ಬಳು ಹುಡುಗಿ ದಪ್ಪಗಿದ್ದಳು, ನಿಧಾನ. ಅವಳು ಖೋ ಕೊಡೋದು ತಡವಾಗಿ ಎದುರು ತಂಡದವರು ತಪ್ಪಿಸಿಕೊಂಡಾಗ ಜೊತೆಯವರು ನಕ್ಕರು. ಮೇಷ್ಟ್ರು ಆಟ ನಿಲ್ಲಿಸಲಿಲ್ಲ, ಬೈಯಲಿಲ್ಲ. ಮುಂದಿನ ಸರದಿಯಲ್ಲಿ ಅವಳನ್ನು ಕಂಬದ ಪಕ್ಕದ ಜಾಗದಲ್ಲಿ ಕೂರಿಸಿ, ಕಿವಿಯಲ್ಲಿ ಏನೋ ಹೇಳಿದರು. ಕೈಯಲ್ಲಿ ಒಂದು ನೋಟ್ ಬುಕ್ಕು, ಅದರಲ್ಲಿ ಪ್ರತಿ ಮಗುವಿನ ಹೆಸರು. ಯಾರಿಗೆ ಜ್ವರ ಬಂದಿತ್ತು, ಯಾರು ಬೆಳಿಗ್ಗೆ ತಿಂದು ಬಂದಿಲ್ಲ ಅನ್ನೋದೂ ಇತ್ತು. ಆಟ ಮುಗಿದ ಮೇಲೆ ಕೇಳಿದೆ, "ಸರ್, ಅಷ್ಟು ನಿಧಾನದ ಮಗೂನ ಯಾಕೆ ಇಟ್ಕೊಂಡಿದ್ದೀರಿ?" "ಅವಳು ಬಂದಾಗ ನೂರು ಮೀಟರ್ ಓಡ್ತಿರ್ಲಿಲ್ಲ ಮೇಡಂ" ಅಂದರು. ಅಷ್ಟೇ.

ಅದಕ್ಕೆ ಒಂದೆರಡು ತಿಂಗಳ ಹಿಂದಷ್ಟೇ, 2025ರ ಜನವರಿ 19ರಂದು, ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ಪನ್ನು ನಮ್ಮ ಹೆಣ್ಣುಮಕ್ಕಳು ಗೆದ್ದಿದ್ದರು. ಫೈನಲ್‌ನಲ್ಲಿ ನೇಪಾಳದ ಮೇಲೆ 78–40. ಆ ತಂಡದಲ್ಲಿದ್ದ ಬಿ. ಚೈತ್ರಾ ನಮ್ಮ ಜಿಲ್ಲೆಯವರೇ, ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಆ ಸುದ್ದಿ ಓದಿದ ದಿನ ನಾನು ಬಾತ್‌ರೂಮಿಗೆ ಹೋಗಿ ಅತ್ತಿದ್ದೆ. ಖುಷಿಯೋ ಹೊಟ್ಟೆಕಿಚ್ಚೋ ಹೇಳಲಾರೆ. ಮಗಳು ಆ ವಾರ ಬೆಲ್ಟ್ ಕಟ್ಟಿಕೊಂಡು ಮಲಗಿದ್ದಳು.

ಆ ಶನಿವಾರದ ನಂತರ ನಾನು ಒಂದು ನಿಯಮ ಮಾಡಿಕೊಂಡೆ. ಫೀಸು ಕೇಳುವ ಮೊದಲು ಒಂದು ಇಡೀ ಸೆಷನ್ ಕೂತು ನೋಡಬೇಕು. ಅದೂ ಹೇಳದೆ ಹೋಗಿ. ಮತ್ತೆ, ಚೆನ್ನಾಗಿ ಆಡುವ ಮಗುವನ್ನಲ್ಲ, ಎಲ್ಲರಿಗಿಂತ ಹಿಂದಿರುವ ಮಗುವನ್ನು ನೋಡಬೇಕು. ಕೋಚ್ ಆ ಮಗುವಿನ ಹೆಸರು ಕರೀತಾರಾ? ಎಷ್ಟು ಸಲ?

ಏಪ್ರಿಲ್, ಮೇ ಪೂರ್ತಿ ತಿರುಗಿದೆವು. ಶಕ್ತಿ ಯೋಜನೆ ಬಂದ ಮೇಲೆ ನನಗೂ ಮಗಳಿಗೂ ಬಸ್ ಚಾರ್ಜಿಲ್ಲವಾದ್ದರಿಂದ ಮೈಸೂರಿಗೆ 45 ಕಿ.ಮೀ. ಹೋಗಿಬರೋದು ದುಡ್ಡಿನ ಲೆಕ್ಕದಲ್ಲಿ ಭಾರ ಅನ್ನಿಸಲಿಲ್ಲ. ಸಮಯ ಮಾತ್ರ ಭಾರ.

ಒಂದು ಕಡೆ ಗೋಡೆ ತುಂಬ ಸರ್ಟಿಫಿಕೇಟು. "ನಾನು ಎನ್‌ಐಎಸ್ ಕೋಚ್" ಅಂದರು. ನಾನು ಆಗಲೇ ಸ್ವಲ್ಪ ಓದಿಕೊಂಡಿದ್ದೆ. ಪಟಿಯಾಲದ ಎನ್‌ಐಎಸ್ 1961ರಿಂದ ಇರುವ ಸಂಸ್ಥೆ. ಅಲ್ಲಿನ ಡಿಪ್ಲೊಮಾ ಬೇರೆ, ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಬೇರೆ. ಎರಡನ್ನೂ ಮುಗಿಸಿದವರು ಹೊರಗೆ ಹೇಳಿಕೊಳ್ಳೋದು ಒಂದೇ ಥರ. ಕ್ರಿಕೆಟ್ಟಿನಲ್ಲಿ ಬಿಸಿಸಿಐಯ ಲೆವೆಲ್ ಕೋರ್ಸುಗಳೂ ಇವೆ. ಯಾವುದು, ಯಾವ ವರ್ಷ ಅಂತ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳದೆ ತೆಗೆದು ತೋರಿಸಿದರು. ಕಾಗದ ಸರಿಯಾಗಿಯೇ ಇತ್ತು. ಆದರೆ ನಾವಿದ್ದ ಒಂದೂವರೆ ಗಂಟೆಯಲ್ಲಿ ಫೋನ್ ಕೆಳಗಿಡಲಿಲ್ಲ. ಕಾಗದ ಸುಳ್ಳಲ್ಲದಿದ್ದರೂ ಸಾಲದು ಅನ್ನಿಸಿತು.

ಪಿರಿಯಾಪಟ್ಟಣದ ಕಡೆ ಒಬ್ಬ ಹುಡುಗ, ವಯಸ್ಸು ಇಪ್ಪತ್ನಾಲ್ಕಿರಬಹುದು, ಮಕ್ಕಳಿಗೆ ಪ್ರಾಣ. ಎಲ್ಲರೂ ಅವನನ್ನು "ಅಣ್ಣ" ಅಂತಲೇ ಕರೆಯೋದು. ನಗು, ತಮಾಷೆ, ಒಳ್ಳೆಯ ಫೀಲ್ಡಿಂಗ್ ಆಟಗಳು. ನನಗೂ ತುಂಬಾ ಹಿಡಿಸಿತು. ಬೆನ್ನಿನ ವಿಷಯ ಹೇಳಿದಾಗ ಅವನೇ ಅಂದ: "ಅಕ್ಕ, ಬೌಲಿಂಗ್ ಆ್ಯಕ್ಷನ್ ತಿದ್ದೋದು ನನ್ನ ಕೈಲಿ ಆಗಲ್ಲ. ಕೆಡಿಸಿಬಿಟ್ಟೇನು ಅಂತ ಭಯ." ಇಡೀ ಹುಡುಕಾಟದಲ್ಲಿ ನನಗೆ ಸಿಕ್ಕ ಅತ್ಯಂತ ಪ್ರಾಮಾಣಿಕ ಉತ್ತರ ಅದು. ಅವನಿಂದಲೇ ಒಂದು ವಿಷಯ ತಲೆಗೆ ಹೋಯಿತು. ನಾನು ಒಬ್ಬರನ್ನು ಹುಡುಕುತ್ತಿದ್ದೆ, ಬೇಕಾಗಿದ್ದದ್ದು ಇಬ್ಬರು. ಮಗುವನ್ನು ಓಡಿಸಿ, ಆಡಿಸಿ, ಮೈ ಗಟ್ಟಿ ಮಾಡುವವರು ಒಬ್ಬರು. ಆ ಒಂದು ಕೌಶಲ, ಕೈ ತಿರುಗುವ, ಕಾಲು ಊರುವ ರೀತಿಯನ್ನು ತಿದ್ದಬಲ್ಲವರು ಇನ್ನೊಬ್ಬರು. ದೊಡ್ಡ ಊರುಗಳಲ್ಲಿ ಇಬ್ಬರೂ ಒಂದೇ ಕಡೆ ಸಿಗಬಹುದು. ನಮ್ಮ ಕಡೆ ಬೇರೆ ಬೇರೆ ಹುಡುಕಬೇಕು, ಅಷ್ಟೇ.

ಮೊದಲನೆಯವರು ಹುಣಸೂರಿನಲ್ಲೇ ಇದ್ದರು. ಬಿಪಿಎಡ್ ಓದಿದ ಮೇಡಂ, ಶಾಲೆಯಲ್ಲಿ ದೈಹಿಕ ಶಿಕ್ಷಕಿ. ಸಂಜೆ ಇಪ್ಪತ್ತು ಮಕ್ಕಳನ್ನು ಓಡಿಸುತ್ತಾರೆ. ಅವರು ಅಥ್ಲೆಟಿಕ್ಸಿನವರು, ಕ್ರಿಕೆಟ್ ಅಂದರೆ ಮೂಗು ಮುರಿಯುತ್ತಾರೆ. ನಾನು ವರ್ಷದಿಂದ ಅವರ ಅಕೌಂಟ್ ನೋಡಿಕೊಳ್ಳುತ್ತಿದ್ದೆ, ಒಂದು ದಿನವೂ ಮಾತಾಡಿಸಿರಲಿಲ್ಲ! ಎರಡನೆಯವರು ಮೈಸೂರಿನಲ್ಲಿ ಬೌಲಿಂಗ್ ಮಾತ್ರ ಹೇಳಿಕೊಡುವ, ವಯಸ್ಸಾದ ಒಬ್ಬ ಸರ್. ತಿಂಗಳಿಗೆ ಎರಡು ಭಾನುವಾರ.

ಅವರ ಮುಂದೆ ನಾನು ಅಪ್ಪನ ಪ್ರಶ್ನೆಯನ್ನೇ ಇಟ್ಟೆ. ಟೂರ್ನಮೆಂಟಿಗೆ ಹೊರಗೆ ಹೋದರೆ ಹೆಣ್ಣುಮಕ್ಕಳ ಜೊತೆ ಯಾರು ಹೋಗುತ್ತಾರೆ? ಮಗಳಿಗೆ ಒಂಟಿಯಾಗಿ ಪ್ರಾಕ್ಟೀಸ್ ಮಾಡಿಸುವಾಗ ನಾವು ನೋಡಬಹುದಾ? ಫೋನಿನಲ್ಲಿ ಮೆಸೇಜು ಅವಳಿಗಾ, ನಮಗಾ? ಕೇಳುವಾಗ ನಾಲಿಗೆ ಒಣಗಿತ್ತು. ದೊಡ್ಡವರನ್ನು ಅನುಮಾನಿಸಿದ ಹಾಗಾಯಿತಲ್ಲ ಅಂತ ಸಂಕೋಚ. ಆ ಸಂಕೋಚ ನಮ್ಮ ಕಡೆ ಎಲ್ಲರಿಗೂ ಇದೆ. ಮಗುವಿಗೆ ಏನಾದರೂ ಆದರೆ ಪೋಕ್ಸೊ ಅಂತ 2012ರ ಕಾನೂನು ಇದೆ, 1098 ಅಂತ ಮಕ್ಕಳ ಸಹಾಯವಾಣಿ ಇದೆ ಅಂತ ಎಲ್ಲರಿಗೂ ಗೊತ್ತು. ಮೊದಲೇ ಬಾಯಿಬಿಟ್ಟು ಕೇಳೋಕೆ ಮಾತ್ರ ನಾಚಿಕೆ.

ಸರ್ ಬೇಜಾರು ಮಾಡಿಕೊಳ್ಳಲಿಲ್ಲ. "ಕೇಳಿದ್ದು ಒಳ್ಳೇದಾಯ್ತಮ್ಮ. ನಾನು ಒಬ್ಬನೇ ಇರುವಾಗ ಯಾವ ಮಗೂನೂ ಕರೆಯಲ್ಲ. ಆ ಬೆಂಚ್ ಇದೆಯಲ್ಲ, ಅದು ತಂದೆತಾಯಿಗಳಿಗೇ ಹಾಕಿಸಿದ್ದು. ಮೆಸೇಜು ನಿಮಗೆ ಮಾತ್ರ. ಪಂದ್ಯಕ್ಕೆ ಹೊರಗೆ ಹೋದರೆ ಯಾರಾದರೂ ತಾಯಂದಿರು ಬರಲೇಬೇಕು, ಇಲ್ಲ ಅಂದ್ರೆ ಹೋಗೋದೇ ಇಲ್ಲ." ಆಮೇಲೆ ಮಗಳ ಕಡೆ ತಿರುಗಿ ಕೇಳಿದರು: "ನೋವಾದ್ರೆ ಯಾರಿಗೆ ಹೇಳ್ತೀಯಾ?" ಅವಳು ನನ್ನನ್ನು ನೋಡಿದಳು. "ಅಮ್ಮನ್ನ ಯಾಕೆ ನೋಡ್ತೀಯಾ? ಮೊದಲು ನಂಗೆ ಹೇಳು. ಹೇಳಿದ್ರೆ ಟೀಮಿಂದ ತೆಗೆಯಲ್ಲ. ಹೇಳದೆ ಇದ್ರೆ ತೆಗೀತೀನಿ."

ಸೆಲೆಕ್ಷನ್ ಬಗ್ಗೆ ನಾನೇ ಬಾಯಿ ಬಿಟ್ಟೆ, ಚಟ ಹೋಗಲ್ಲ ನೋಡಿ. ಅವರು ನಕ್ಕು, "ಹದಿನೈದರ ಒಳಗಿನ ಹುಡುಗಿಯರಿಗೆ ಬಿಸಿಸಿಐ ಟೂರ್ನಮೆಂಟ್ ಇದೆ, ಸೆಲೆಕ್ಷನ್ ನಡೆಯತ್ತೆ, ಹೋಗ್ತಾಳೆ. ಆಯ್ಕೆ ಮಾಡೋರು ಬೇರೆಯವರು. ಗ್ಯಾರಂಟಿ ಕೊಡೋಕೆ ನಾನೇನು ಪ್ರೆಷರ್ ಕುಕ್ಕರ್ ಮಾರ್ತೀನಾ?" ಅಂದರು.

ಮೊದಲ ಆರು ವಾರ ಅವರು ಓಡಿ ಬಂದು ಬಾಲ್ ಹಾಕಲು ಬಿಡಲೇ ಇಲ್ಲ. ನಿಂತಲ್ಲೇ, ಹಗುರದ ಬಾಲಿನಲ್ಲಿ, ಗಿಡ್ಡ ಪಿಚ್ಚಿನಲ್ಲಿ. ಮಗಳಿಗೆ ಅವಮಾನ. "ಇದು ಬೇಬಿ ಬೌಲಿಂಗ್" ಅಂತ ಬಸ್ಸಿನಲ್ಲಿ ಬಿಳಿಕೆರೆವರೆಗೂ ಮುಖ ಊದಿಸಿಕೊಂಡು ಕೂತಿರುತ್ತಿದ್ದಳು. ವಾರದ ನಾಲ್ಕು ಸಂಜೆ ಹುಣಸೂರಿನ ಮೇಡಂ ಹತ್ತಿರ ಓಟ, ಹೊಟ್ಟೆ ಬೆನ್ನಿನ ಕಸರತ್ತು, ಜಿಗಿತ. ಅಲ್ಲಿ ಅವಳು ಎಲ್ಲರಿಗಿಂತ ಹಿಂದೆ. ಒಂದು ಸಂಜೆ ನಾನು ಬೇಗ ಹೋಗಿ ಕಾಂಪೌಂಡ್ ಹೊರಗೆ ನಿಂತು ಎಣಿಸಿದೆ. ಅರ್ಧ ಗಂಟೆಯಲ್ಲಿ ಮೇಡಂ ಅವಳ ಹೆಸರನ್ನು ಏಳು ಸಲ ಕರೆದರು. ಎರಡು ಸಲ ಬೈಯೋಕೆ.

ಎಲ್ಲ ಸಲೀಸಾಗಿ ಹೋಗ್ತಿದೆ ಅಂತಲ್ಲ. ಭಾನುವಾರ ಪೂರ್ತಿ ಮೈಸೂರಿಗೇ ಹೋಗುತ್ತೆ. ನಮ್ಮ ಮನೆಯವರು ಮಗಳನ್ನು ನೋಡುವುದೇ ರಾತ್ರಿ. ಹಳೇ ಅಕಾಡೆಮಿಯಲ್ಲಿ ಜೊತೆಗಿದ್ದ ಒಬ್ಬ ಹುಡುಗ ಯಾವುದೋ ಟೂರ್ನಮೆಂಟಿನಲ್ಲಿ ಮ್ಯಾನ್ ಆಫ್ ದಿ ಮ್ಯಾಚ್ ಆದ ಫೋಟೊ ಸ್ಟೇಟಸ್ಸಿನಲ್ಲಿ ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ. ನಾವೇ ಹೆದರಿ ಹಿಂದೆ ಬಿದ್ವಾ ಅಂತ. ಇದಕ್ಕೆ ಉತ್ತರ ನನಗೆ ಈಗಲೂ ಸಿಕ್ಕಿಲ್ಲ. 2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ನಮ್ಮ ಹುಡುಗಿಯರು ವಿಶ್ವಕಪ್ ಗೆದ್ದ ರಾತ್ರಿ ಮಗಳು ಕುಣಿದು ಕುಪ್ಪಳಿಸಿ ಕೊನೆಗೆ, "ಅಮ್ಮ, ನಾನು ಸೆಲೆಕ್ಟ್ ಆಗ್ದೇ ಇದ್ರೆ?" ಅಂತ ಕೇಳಿದಳು. "ಆಗದೇ ಇದ್ರೆ ಭಾನುವಾರ ಲೇಟಾಗಿ ಏಳ್ಬೋದು" ಅಂದೆ. ಅವಳು ನಗಲಿಲ್ಲ. ನಾನೂ ತಮಾಷೆಗೆ ಹೇಳಿರಲಿಲ್ಲ.

ಅಪ್ಪನಿಗೆ ಈಗ ಎಪ್ಪತ್ತಾರು. ಹೋದ ತಿಂಗಳು ಕೆ.ಆರ್. ನಗರದಿಂದ ಬಂದಿದ್ದರು. ಊಟ ಮಾಡುತ್ತ ಮೊಮ್ಮಗಳ ಮ್ಯಾಚಿನ ಸುದ್ದಿ ಕೇಳಿದರು. ಹಾಸನದಲ್ಲಿ ಪಂದ್ಯ, ಒಂದು ರಾತ್ರಿ ಉಳಿಯಬೇಕು ಅಂದೆ. ತುತ್ತು ನಿಲ್ಲಿಸಿ ಕೇಳಿದರು: "ಜೊತೆಗೆ ಯಾರು ಬತ್ತಾರೆ?"

"ನಾನೇ ಹೋಗ್ತಿದ್ದೀನಿ ಅಪ್ಪ. ಇನ್ನೊಬ್ಬರು ತಾಯಿನೂ ಬರ್ತಾರೆ."

"ಹ್ಞೂಂ" ಅಂದರು. ಸ್ವಲ್ಪ ಹೊತ್ತು ಬಿಟ್ಟು, ತಟ್ಟೆ ನೋಡುತ್ತ, "ಅವತ್ತು ನಿಮ್ಮವ್ವನ್ನ ಕಳಿಸ್ಬೋದಿತ್ತು. ಹೊಳೀಲೇ ಇಲ್ಲ ಕಣವ್ವ" ಅಂದರು. ನಾನು ಇನ್ನೊಂದು ಸೌಟು ಸಾರು ಬಡಿಸಿದೆ.

ನಮ್ಮ ಫ್ರಿಜ್ ಬಾಗಿಲಿಗೆ ಬ್ಯಾಂಕಿನ ಕ್ಯಾಲೆಂಡರ್ ಅಂಟಿಸಿದೆ. ಪ್ರತಿ ದಿನದ ಚೌಕದಲ್ಲಿ ಮಗಳೇ ಪೆನ್ಸಿಲಿನಲ್ಲಿ ಅವತ್ತು ಹಾಕಿದ ಬಾಲ್ ಲೆಕ್ಕ ಬರೆಯುತ್ತಾಳೆ. 24, 30, ರಜೆ, 36. ನಿನ್ನೆ ಸಂಜೆ ಬಂದವಳೇ ಬ್ಯಾಗ್ ಎಸೆದು ಅಡುಗೆಮನೆಗೆ ಬಂದಳು. "ಎಷ್ಟು ಓವರ್ ಹಾಕಿಸಿದ್ರು ಇವತ್ತು?" ಅಂದೆ.

"ಆರು. ಒಂದು ವಿಕೆಟ್ಟೂ ಬಿತ್ತು, ನೀನು ಕೇಳ್ಲೇ ಇಲ್ಲ."